ಗೊರಸು ಮತ್ತು ಮೆಲುಕು

ಹೊಳೆಸಾಲು ರಾಜ್ಯದ ಊರೂರಲ್ಲಿ ಡಂಗುರ ಸಾರಿದರು: "ಕೇಳ್ರಪ್ಪೋ ಕೇಳಿ! ದೊರೆಗಳು ಸತ್ಯವೇದದ ಮೇಲೆ ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಶನಿವಾರ ಮಧ್ಯಾಹ್ನ ಉರುಳುತ್ತದೆ!"

ಆ ಒಗಟುಗಳ ಉತ್ತರ ದೊರೆ ಮಾರ್ತಾಂಡರಾಯನಿಗೇ ಗೊತ್ತಿರಲಿಲ್ಲ. ಅವನ ಸಿಟ್ಟಿಗೆಲ್ಲ ಮೂಲ ಅದೇ. ಮೂರು ವರ್ಷ ಬಂದವರಿಂದೆಲ್ಲ ಸತ್ಯವೇದವೆಂಬ ಬೈಬಲ್ ಗ್ರಂಥದ ಪ್ರವಚನ ಹೇಳಿಸಿ ಕೇಳಿದ್ದ. ಒಂದೂ ಎದೆಗೆ ನಾಟಿರಲಿಲ್ಲ. ಸರಿಯಾದ ಮಾತು ಕಿವಿಗೆ ಬಿದ್ದರೆ ತಾನೇ ಗೊತ್ತಾಗುತ್ತದೆ ಎಂದುಕೊಂಡಿದ್ದ. ಅದಕ್ಕೆ ಊರವರ ತಲೆ ಯಾಕೆ ಹೋಗಬೇಕು ಎಂದು ಕೇಳುವ ಧೈರ್ಯ ಯಾರಿಗಿತ್ತು!

ಮೊದಲು ಪಂಡಿತ ಜ್ಞಾನಶಿಖಾಮಣಿಗಳು ಬಂದರು. "ಗೊರಸು ಸೀಳಿ ಮೆಲುಕನ್ನೂ ಹಾಕುವ ಪ್ರಾಣಿಯೇ ಶುದ್ಧ ಅನ್ನುತ್ತದೆ ಗ್ರಂಥ. ಹಂದಿಯ ಗೊರಸು ಸೀಳಿದೆ, ಮೆಲುಕು ಹಾಕುವುದಿಲ್ಲ. ಅದಕ್ಕೇ ಅದು ಅಶುದ್ಧ. ಹಂದಿಯಂತೆ ಅರ್ಧಕ್ಕೇ ನಿಂತ ಓದುಗ ಯಾರು?" ಎಂದು ದೊರೆ ಕೇಳಿದ. ಪಂಡಿತರು ಹಂದಿಗೆ ಗ್ರಂಥದ ಮೂಲ ಹೀಬ್ರೂ ಭಾಷೆಯಲ್ಲಿ ಏನನ್ನುತ್ತಾರೆ, ಗ್ರಂಥದಲ್ಲಿ ಅದು ಎಷ್ಟು ಸಲ ಬರುತ್ತದೆ ಎಂದು ಹೊತ್ತು ಇಳಿಯುವ ತನಕ ಹೇಳಿದರು.

"ನಾನು ಕೇಳಿದ್ದೇನು, ನೀವು ಹೇಳ್ತಿರೋದೇನು!" ದೊರೆ ಕೂಗಿದ. ಪಂಡಿತರು ಸೆರೆಮನೆ ಸೇರಿದರು.

ಮರುದಿನ ಮುದುಕ ಉಪದೇಶಿ ಯೋನಪ್ಪ ಬಂದ. "ಒಂಟೆ ಮೆಲುಕು ಹಾಕುತ್ತದೆ, ಗೊರಸು ಸೀಳಿಲ್ಲ. ಅದೂ ಅಶುದ್ಧ. ಒಂಟೆಯಂಥ ಓದುಗ ಯಾರು?" ಎಂದು ದೊರೆ ಕೇಳಿದ. ಯೋನಪ್ಪ ಕೈಜೋಡಿಸಿ ಗಳಗಳನೆ ಅತ್ತ. "ದೇವರ ಮಾತು, ಪ್ರಭು. ನಂಬಬೇಕು, ಕೇಳಬಾರದು." ಅವನೂ ಸೆರೆಮನೆ ಸೇರಿದ.

ಸುದ್ದಿ ಗುಡ್ಡದ ಮೇಲೆ ಆಡು ಕಾಯುತ್ತಿದ್ದ ಎಲೀಷನಿಗೆ ತಲುಪಿತು. ಅವನಿಗೆ ಅಕ್ಷರ ಕಲಿಸಿದವನು ಯೋನಪ್ಪ. "ಅಂಜೂರದ ಕಾಲವೇ ಅಲ್ಲದಾಗ ಗ್ರಂಥದಲ್ಲಿ ಸ್ವಾಮಿ ಹಣ್ಣಿಲ್ಲವೆಂದು ಆ ಮರವನ್ನು ಶಪಿಸಿದ್ದು ಯಾಕೆ?" ಎಂದು ಹುಡುಗನಾಗಿದ್ದಾಗ ಕೇಳಿದರೆ, "ನಂಬು ಮಗಾ, ಕೇಳಬೇಡ" ಎಂದವನೂ ಅವನೇ. ಹನ್ನೆರಡು ವರ್ಷ ಅದೇ ಮಾತು! ಬೇಸತ್ತು ಪಂಡಿತರ ಹತ್ತಿರ ಹೋದರೆ, ಅವರು "ಮೊದಲು ಗ್ರೀಕ್ ಕಲಿತು ಬಾ" ಎಂದು ಬಾಗಿಲು ಹಾಕಿದ್ದರು. ಇಬ್ಬರ ಮೇಲೂ ಎಲೀಷನಿಗೆ ಕೆಂಡದಂಥ ಸಿಟ್ಟು. ಆದರೂ ಅಕ್ಷರ ಕೊಟ್ಟ ಮುದುಕನ ತಲೆ ಹೋಗಲು ಬಿಡುವುದು ಹೇಗೆ? ಆಡುಗಳನ್ನು ತಂಗಿಗೆ ಒಪ್ಪಿಸಿ, ಶನಿವಾರ ಬೆಳಿಗ್ಗೆಯೇ ಅರಮನೆಗೆ ಬಂದ.

ಕೈಕೋಳ ಹಾಕಿದ ಇಬ್ಬರೂ ಅಲ್ಲೇ ನಿಂತಿದ್ದರು. ದೊರೆ ಮೊದಲೆರಡು ಒಗಟನ್ನೂ ಮತ್ತೆ ಕೇಳಿದ.

"ಬುದ್ಧೀ, ನಮ್ಮ ಆಡು ಬಂಡೆ ಹತ್ತೋದು ಸೀಳಿದ ಗೊರಸಿನಿಂದ," ಎಂದ ಎಲೀಷ. "ಎರಡು ಬೆರಳು ಅಗಲಿಸಿ, ಎಲ್ಲಿ ಕಾಲಿಟ್ಟರೆ ನಿಲ್ಲುತ್ತೆ ಅಂತ ತಡವಿ ನೋಡುತ್ತೆ. ಅದು ವಿಚಾರ. ಮಧ್ಯಾಹ್ನ ನೆರಳಲ್ಲಿ ಮಲಗಿ, ಬೆಳಿಗ್ಗೆ ಮೇಯ್ದದ್ದನ್ನ ತಿರುಗಿ ಬಾಯಿಗೆ ತಂದು ಅಗಿಯುತ್ತೆ. ಅದು ಭಕ್ತಿ. ಪಂಡಿತರು ಎಲ್ಲಾ ಸೀಳಿ ನೋಡಿದರು, ಒಂದನ್ನೂ ಮೆಲುಕು ಹಾಕಲಿಲ್ಲ. ಹಂದಿಯಂಥ ಓದುಗ ಅವರು. ಇನ್ನು ಒಂಟೆ..." ಯೋನಪ್ಪನತ್ತ ನೋಡದೆ ಹೇಳಿದ: "ಮೆಲುಕು ಹಾಕಿದರು, ಒಂದನ್ನೂ ತಡವಿ ನೋಡಲಿಲ್ಲ. ಒಂಟೆ ನಮ್ಮ ಗುರುಗಳು."

ಸಭೆ ಗೊಳ್ಳೆಂದಿತು. ಯೋನಪ್ಪ ತಲೆ ತಗ್ಗಿಸಿದ. ದೊರೆ ಮಾತ್ರ ನಗಲಿಲ್ಲ.

"ಮೂರನೆಯದು. ಆ ಗ್ರಂಥ ನನ್ನ ಜೊತೆ ಯಾಕೆ ಮಾತಾಡೋದಿಲ್ಲ?"

ಎಲೀಷ ಗ್ರಂಥವಿಟ್ಟಿದ್ದ ಪೀಠದತ್ತ ನೋಡಿದ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ್ದರು. ಗಂಟಿನ ಮೇಲೆ ಹಾಕಿದ್ದ ಹಾರ ಒಣಗಿ, ಜೇಡ ಬಲೆ ನೇಯ್ದಿತ್ತು. ಎಲೀಷನ ತಾಳ್ಮೆ ಅಲ್ಲಿಗೆ ತೀರಿತು.

"ಆ ಗಂಟು ಬಿಚ್ಚಿ ಎಷ್ಟು ಕಾಲವಾಯ್ತು, ಬುದ್ಧೀ? ಬೇರೆಯವರು ಅಗಿದು ಉಗಿದದ್ದನ್ನೇ ಕೇಳ್ತಾ ಕೂತಿದ್ದೀರಿ. ಮೇಯದೇ ಇದ್ದವರಿಗೆ ಮೆಲುಕು ಎಲ್ಲಿಂದ ಬರಬೇಕು?"

ಎಲೀಷನ ತಲೆ ಹೋಯಿತೆಂದೇ ಎಲ್ಲರೂ ಅಂದುಕೊಂಡರು. ದೊರೆ ಎದ್ದು ಪೀಠದ ಬಳಿ ಹೋಗಿ, ಬಲೆ ಒರೆಸಿ, ತನ್ನ ಕೈಯಾರೆ ಗಂಟು ಬಿಚ್ಚಿದ. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಏನು ಬೇಕು ಕೇಳು," ಎಂದ, ಮುಖ ತಿರುಗಿಸದೆ.

"ಈ ಇಬ್ಬರ ತಲೆ."

ಕೈಕೋಳ ಬಿಚ್ಚಿದರು. ಗುಡ್ಡದ ಹುಲ್ಲುಗಾವಲನ್ನೂ ಎಲೀಷನ ಹೆಸರಿಗೆ ಬರೆಸಿದ ದೊರೆ, ಅಂಟಿದ ಪುಟಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತ.

ಯೋನಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತ ಶಿಷ್ಯನ ಹತ್ತಿರ ಬಂದ. ಒಂಟೆ ಎಂದದ್ದಕ್ಕೆ ಬೈಯುತ್ತಾನೆಂದು ಎಲೀಷ ಕಾದ.

"ಆ ಅಂಜೂರದ ಮರದ ಬಗ್ಗೆ ಏನೋ ಕೇಳಿದ್ದೆಯಲ್ಲ ಮಗಾ," ಎಂದ ಮುದುಕ. "ಇನ್ನೊಂದು ಸಲ ಕೇಳು. ನನಗೂ ಗೊತ್ತಿಲ್ಲ. ಕೂತು ನೋಡೋಣ."