ರಾಚಯ್ಯ ಬರೆದ ವೈರುಗಳ ಚಿತ್ರ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ರಾಚಯ್ಯನಿಗೂ ಅವರು ಅಜ್ಜಾರೇ.

ಆಶ್ರಮ ಹಳೆಯದು, ನೆಟ್ ಹೊಸದು. ಗ್ರಂಥಾಲಯದ ತಾಳೆಗರಿಗಳು ಕಂಪ್ಯೂಟರಿಗೆ ಏರಿದ್ದವು. ಪುಟ್ಟ ದವಾಖಾನೆಗೆ ಬಂದವರ ಇಸಿಜಿ ಪಟ್ಟಣದ ಡಾಕ್ಟರಿಗೆ ಹೋಗುತ್ತಿತ್ತು. ಇದನ್ನೆಲ್ಲ ಜೋಡಿಸಿದವನು ರಾಚಯ್ಯ. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಅವನ ತಲೆಯೊಳಗೆ ಮಾತ್ರ ಇತ್ತು, ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಯುಗಾದಿ ಹತ್ತಿರ ಬಂತು. ಅಜ್ಜಾರು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರಿದ್ದರು. ಮುಂದಿನ ವರ್ಷ ಅವರ ಮೊಣಕಾಲುಗಳು ಅಷ್ಟು ದೂರದ ನಡಿಗೆಯನ್ನು ತಾಳುತ್ತವೆಂಬ ಭರವಸೆ ಯಾರಿಗೂ ಇರಲಿಲ್ಲ. ಅವರ ಹಿಂದೆ ಒಮ್ಮೆಯಾದರೂ ನಡೆಯಬೇಕೆಂಬುದು ರಾಚಯ್ಯನ ಬಹುದಿನದ ಆಸೆ.

“ಅಜ್ಜಾರ, ಈ ಸಲ ನಾನೂ ಬರ್ತೀನ್ರಿ.”

“ಹೋದ ಸಲ ನೀ ಅಕ್ಕನ ಮನಿಗೆ ಹೋದಾಗ ಇಲ್ಲಿ ಏನಾತು?”

ರಾಚಯ್ಯ ತಲೆ ತಗ್ಗಿಸಿದ. ಅವನು ಅಲ್ಲಿ ಹೋಳಿಗೆ ಉಣ್ಣುತ್ತಿದ್ದಾಗ ಇಲ್ಲಿ ನೆಟ್ ನಿಂತಿತ್ತು. ಎದೆನೋವೆಂದು ಬಂದ ಮುದುಕನ ಇಸಿಜಿ ಕಳಿಸಲಾಗದೆ ನರ್ಸ್ ಕಸ್ತೂರಕ್ಕ ಕಂಗಾಲಾಗಿದ್ದಳು. ಮುದುಕ ಬದುಕಿದ್ದು ಅವನ ಪುಣ್ಯ.

“ಒಂದು ಚಿತ್ರ ಬರಿ,” ಎಂದರು ಅಜ್ಜಾರು. “ನೀ ಇಲ್ಲದಾಗ ಕಸ್ತೂರವ್ವ ಅದನ್ನ ನೋಡಿ ನೆಟ್ ಸರಿ ಮಾಡಬೇಕು. ಅಂಥಾ ಚಿತ್ರ ಆತಂದ್ರ ಬಾ. ಇಲ್ಲಾಂದ್ರ ಇಲ್ಲೇ ಇರು.”

ಇಷ್ಟೇ ತಾನೇ ಎಂದುಕೊಂಡ ರಾಚಯ್ಯ. ಊಟ ನಿದ್ದೆ ಬಿಟ್ಟು ಬರೆದ.

ಎಲ್ಲ ವೈರು, ವೈರು ಸೇರುವ ಎಲ್ಲ ಪೆಟ್ಟಿಗೆ, ಪ್ರತಿಯೊಂದಕ್ಕೂ ಅದರ ನಂಬರು. ಕೆಂಪು, ಹಸಿರು, ನೀಲಿ ಗೆರೆಗಳು. ಅತಿಥಿಗೃಹದಲ್ಲಿ ಎಂದೋ ಕೆಟ್ಟುಹೋದ ಕ್ಯಾಮೆರಾವನ್ನೂ ಬಿಟ್ಟಿರಲಿಲ್ಲ. ಹಾಳೆಯನ್ನು ಕಟ್ಟೆಯ ಮೇಲೆ ಹಾಸಿ, ಅಜ್ಜಾರಿಗೂ ಕಸ್ತೂರಕ್ಕನಿಗೂ ಬೆರಳಿಟ್ಟು ವಿವರಿಸತೊಡಗಿದ.

“ನಿಲ್ಲು. ಹೋಗಿ ಹೊಳ್ಯಾಗ ಒಂದು ಮುಳುಗು ಹಾಕಿ ಬಾ.”

“ಜಳಕಾ ಮಾಡೇ ಬಂದೀನ್ರಿ ಅಜ್ಜಾರ.”

“ಇನ್ನೊಮ್ಮೆ ಮಾಡು.”

ಯಾಕೆಂದು ತಿಳಿಯದೆ ಹೋದ. ಮುಳುಗಿ, ನೀರು ಸುರಿಸುತ್ತ ಬಂದ. ಕಸ್ತೂರಕ್ಕ ಎಲ್ಲಿಂದ ನೋಡುವುದೆಂದು ತಿಳಿಯದೆ ಚಿತ್ರದ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

“ನೀ ಮುಳುಗಿದ ಕೂಡ್ಲೆ ನಿನ್ನ ಚಿತ್ರನೂ ಮುಳುಗ್ತು ನೋಡು,” ಎಂದರು ಅಜ್ಜಾರು.

“ಅದರಾಗ ಏನು ಸುಳ್ಳೈತ್ರಿ?”

“ಒಂದೂ ಇಲ್ಲ.”

“ಮತ್ತ, ತಪ್ಪು?”

“ಅದೂ ಇಲ್ಲ. ಅರಿಬಿ ಹಿಂಡ್ಕೋ, ಚಿತ್ರದ ಮ್ಯಾಲೆ ನೀರು ಸೋರಾಕ್ಹತ್ತೇತಿ.”

ಸುಳ್ಳಿಲ್ಲ, ತಪ್ಪಿಲ್ಲ, ಆದರೂ ಆಗಲಿಲ್ಲ. ಇದೆಂಥ ಲೆಕ್ಕ? ರಾಚಯ್ಯ ಒದ್ದೆ ಧೋತರ ಹಿಂಡುತ್ತ ಯೋಚಿಸಿದ. ಕೊನೆಗೆ, ಬರೆದದ್ದು ಹೆಚ್ಚಾಯಿತೆಂದು ಅವನಿಗೆ ಹೊಳೆಯಿತು.

ಎರಡನೆಯ ಸಲ ಎಲ್ಲವನ್ನೂ ಬಿಟ್ಟ. ಹೊರಗಿನ ನೆಟ್ಟಿಗೆ ಒಂದು ಚೌಕ, ಆಶ್ರಮಕ್ಕೊಂದು, ದವಾಖಾನೆಗೊಂದು. ನಡುವೆ ಎರಡು ಗೆರೆ.

“ಆಶ್ರಮದೊಳಗ ವೈರು ಯಾ ಕಡೆಯಿಂದ ಹೋಗೇತಿ?” ಎಂದು ಕೇಳಿದರು ಅಜ್ಜಾರು.

“ಅದು ಐತಿ ಅಂತ ತಿಳ್ಕೋಬೇಕ್ರಿ.”

ಅಜ್ಜಾರು ಹೂಂ ಎಂದರು. ಈ ಸಲ ಗೆದ್ದೆ ಎಂದುಕೊಂಡ ರಾಚಯ್ಯ.

ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಎಲ್ಲರ ತಾಟಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಿತ್ತು. ಬಡಿಸುವವನು ರಾಚಯ್ಯನನ್ನು ದಾಟಿ ಮುಂದೆ ಹೋದ.

“ಅಜ್ಜಾರ, ನನ್ನ ತಾಟಿನಾಗ ಏನೂ ಇಲ್ರಿ.”

“ಐತಿ ಅಂತ ತಿಳ್ಕೋ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರಾಚಯ್ಯನಿಗೆ ಸಿಟ್ಟು ಬಂತು, ಅಳುವೂ ಬಂತು.

“ಎಲ್ಲಾ ಬರದ್ರ ಹೆಚ್ಚಾತು, ಬಿಟ್ರ ಕಡಿಮಿ ಆತು. ಎಷ್ಟು ಬರೀಲಿ, ಹೇಳಿ ಬಿಡ್ರಲ್ಲ!”

“ನನ್ನ ಯಾಕ ಕೇಳ್ತಿ? ಹಸದವರನ್ನ ಕೇಳು.”

ಹಸಿದವನು ತಾನೇ. ತನ್ನನ್ನು ತಾನು ಏನೆಂದು ಕೇಳಿಕೊಳ್ಳುವುದು? ರೊಟ್ಟಿ ಆಮೇಲೆ ಸಿಕ್ಕಿತು, ಅರ್ಥ ಸಿಗಲಿಲ್ಲ. ತಲೆ ಕೆಟ್ಟು, ನೆರಳಿಗೆಂದು ದವಾಖಾನೆಯ ಪಡಸಾಲೆಯಲ್ಲಿ ಹೋಗಿ ಕೂತ.

“ಚಿತ್ರ ಎಲ್ಲಿಗೆ ಬಂತೋ?” ಎಂದಳು ಕಸ್ತೂರಕ್ಕ.

“ಎಲ್ಲಿಗೂ ಬರವಲ್ದು. ನಿಂಗ ಏನು ಬೇಕಕ್ಕಾ ಅದರಾಗ?”

ಕೇಳಿದ ಮೇಲೆಯೇ ಅವನಿಗೆ ಗೊತ್ತಾಯಿತು, ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ.

“ನಂಬರ ತಗೊಂಡು ನಾ ಏನು ಮಾಡ್ಲೋ? ನೆಟ್ ಹೋದ್ರ ಮೊದಲ ಎಲ್ಲಿಗೆ ಓಡ್ಲಿ, ಅಲ್ಲಿ ಯಾವ ದೀಪಾ ನೋಡ್ಲಿ, ಅದು ಆರಿದ್ರ ಮುಂದ ಎಲ್ಲಿಗೆ ಹೋಗ್ಲಿ. ಇಷ್ಟು ಹೇಳು ಸಾಕು.”

ಮೂರನೆಯ ಚಿತ್ರ ಸರಸರನೆ ಬಂತು. ಕೆಳಗೆ ದವಾಖಾನೆ. ಅಲ್ಲಿಂದ ಒಂದು ಗೆರೆ ಗ್ರಂಥಾಲಯದ ಅಟ್ಟದ ಮೇಲಿರುವ ಕಪ್ಪು ಪೆಟ್ಟಿಗೆಗೆ. ಹಸಿರು ದೀಪ ಉರಿಯುತ್ತಿರಬೇಕು, ಆರಿದ್ದರೆ ಗೆರೆ ಹಿಡಿದು ಮೇಲೆ ಹೋಗಬೇಕು.

ಮೇಲೆ ಎಲ್ಲಿಗೆ? ಅಲ್ಲಿ ಪೆನ್ಸಿಲ್ ನಿಂತಿತು.

ಹೊರಗಿನ ವೈರು ಮೊದಲು ಬರುವುದು ದಾಸೋಹದ ಉಗ್ರಾಣಕ್ಕೆ. ಮೂಲ ಪೆಟ್ಟಿಗೆ ಇರುವುದು ಉಳ್ಳಾಗಡ್ಡಿ ಚೀಲಗಳ ಹಿಂದಿನ ಗೋಡೆಯಲ್ಲಿ. ಆಶ್ರಮದ ಚಿತ್ರದ ನೆತ್ತಿಯ ಮೇಲೆ ಉಳ್ಳಾಗಡ್ಡಿ, ಅಜ್ಜಾರು ಮಾತ್ರ ಎಲ್ಲಿಯೂ ಇಲ್ಲ! ರಾಚಯ್ಯನ ಕೈ ಏಳಲಿಲ್ಲ. ಉಗ್ರಾಣವನ್ನು ಮೂಲೆಗೆ ತಳ್ಳಿ, ಎಲ್ಲಕ್ಕಿಂತ ಮೇಲೆ ಅಜ್ಜಾರ ಖೋಲಿಯನ್ನು ಬರೆದು, ಗೆರೆಯನ್ನು ಅಲ್ಲಿಗೇ ಮುಟ್ಟಿಸಿದ. ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ ಅವನೇ ಕೈಮುಗಿದ.

ಅಜ್ಜಾರು ನೋಡಿದರು. ದವಾಖಾನೆಯಲ್ಲಿ ರೋಗಿಗಳಿಲ್ಲದ ಹೊತ್ತು ನೋಡಿ, ಮೊದಲ ಚಿತ್ರದಲ್ಲಿ ಕಂಡಿದ್ದ ಉಗ್ರಾಣಕ್ಕೆ ಹೋದರು, ಮೂಲ ಪೆಟ್ಟಿಗೆಯ ಒಂದು ವೈರು ಕಿತ್ತರು, ಬಂದು ತಮ್ಮ ಖೋಲಿಯಲ್ಲಿ ಕೂತರು. ರಾಚಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಬಾಯಿ ತಗೀಬ್ಯಾಡ,” ಎಂದರು.

ನೆಟ್ ಹೋಯಿತು. ಕಸ್ತೂರಕ್ಕ ಚಿತ್ರ ಹಿಡಿದು ಹೊರಟಳು. ಅಟ್ಟ ಹತ್ತಿದಳು. ಹಸಿರು ದೀಪ ಆರಿತ್ತು. ಗೆರೆ ಹಿಡಿದು ನೆಟ್ಟಗೆ ಅಜ್ಜಾರ ಖೋಲಿಗೆ ಬಂದಳು.

ನೀರಿನ ಕೊಡದ ಹಿಂದೆ ನೋಡಿದಳು. ಚಾಪೆ ಎತ್ತಿದಳು. ಮಂಚದ ಕೆಳಗೆ ಬಗ್ಗಿದಾಗ ಅಜ್ಜಾರು ಎರಡೂ ಕಾಲೆತ್ತಿ ಅನುವು ಮಾಡಿಕೊಟ್ಟರು.

“ಅಜ್ಜಾರ, ದೀಪದ ಪೆಟಗಿ ಎಲ್ಲೈತ್ರಿ?”

“ನಂಗೇನು ಗೊತ್ತವ್ವಾ? ರಾಚಯ್ಯ ಬರದಾನಂದ್ರ ಇರಬೇಕು. ಹುಡುಕು.”

ರಾಚಯ್ಯನಿಗೆ ತಡೆಯಲಾಗಲಿಲ್ಲ. “ಇಲ್ಲಿ ಏನೂ ಇಲ್ಲಕ್ಕಾ!”

“ಇಲ್ಲ?” ಅಜ್ಜಾರು ತಿರುಗಿದರು. “ಮತ್ತ ಯಾಕ ಬರದಿ?”

“ನಿಮ್ಮನ್ನ ಬಿಟ್ಟು ಉಳ್ಳಾಗಡ್ಡಿ ಚೀಲಾ ಹೆಂಗ ಮ್ಯಾಲೆ ಕೂಡಸ್ಲಿ ಅಜ್ಜಾರ? ಭಕ್ತಿ ಅನ್ನೂದು ಬ್ಯಾಡೇನ್ರಿ?”

“ಭಕ್ತಿ ಛಲೋ ಐತಿ. ಎದಿ ಹಿಡ್ಕೊಂಡು ಬಂದವಗ ಹೇಳು, ಕಸ್ತೂರವ್ವ ನನ್ನ ಚಾಪಿ ಕೊಡವಿ ಮುಗಸೂತನಕ ತಡಿ ಅಂತ.”

ರಾಚಯ್ಯನ ಮುಖ ಸಣ್ಣದಾಯಿತು. ರಬ್ಬರ್ ಹಿಡಿದು ಕೂತ. ಅಜ್ಜಾರ ಎದುರಿಗೇ ಅಜ್ಜಾರ ಹೆಸರನ್ನು ಉಜ್ಜುವಾಗ ಪಾಪ ಮಾಡಿದ ಹಾಗನ್ನಿಸಿತು. ಆ ಜಾಗದಲ್ಲಿ ಉಗ್ರಾಣ ಬರೆದ, ಚೀಲಗಳನ್ನೂ ಅವುಗಳ ಹಿಂದಿನ ಪೆಟ್ಟಿಗೆಯ ಹಸಿರು ದೀಪವನ್ನೂ ಬರೆದ.

ಕಸ್ತೂರಕ್ಕ ಚಿತ್ರ ತೆಗೆದುಕೊಂಡು ಹೋದಳು. ಈ ಸಲ ಯಾರನ್ನೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ, ಕಿತ್ತ ವೈರು ಸಿಕ್ಕಿಸಿ, ಉಗ್ರಾಣದಿಂದಲೇ ಕೂಗಿದಳು, “ಹತ್ತಿತು! ಹಸಿರು ಹತ್ತಿತು!”

ಅವಳು ತಂದುಕೊಟ್ಟ ಚಿತ್ರವನ್ನು ರಾಚಯ್ಯ ಮತ್ತೆ ಮತ್ತೆ ನೋಡಿದ. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಉಜ್ಜಿದ ಜಾಗ ಅವನ ಕಣ್ಣನ್ನು ಎಳೆಯುತ್ತಲೇ ಇತ್ತು.

“ಎಲ್ಲಾ ಸರಿ ಐತ್ರಿ ಅಜ್ಜಾರ. ಆದ್ರ ಇದರಾಗ ನೀವ ಇಲ್ಲಲ್ರಿ.”

ಅಜ್ಜಾರು ಜೋಳಿಗೆ ಹೆಗಲಿಗೇರಿಸಿ ಮೆಟ್ಟಿಲಿಳಿದರು.

“ನೀನೂ ಇಲ್ಲ. ನಡಿ, ಹೊತ್ತು ಮುಳಗೂದ್ರಾಗ ಹೊಳಿ ದಾಟೂಣು.”