ಪುಕ್ಕಲನ ದಿಣ್ಣೆ

ಹೊನ್ನೆಮರಡಿ ಕಾವಲಿನ ಗಾಲ್ಫ್ ಬಡಾವಣೆಗೆ ಇಂದು ಹೋದವರಿಗೆ ಮೊದಲು ಎದುರಾಗುವುದು ಆಳೆತ್ತರದ ಕಬ್ಬಿಣದ ಗೇಟು, ಅದನ್ನು ದಾಟಿದರೆ ಕಣ್ಣು ಹಾಯುವಷ್ಟು ದೂರ ಕತ್ತರಿಸಿಟ್ಟ ಹುಲ್ಲು. ಹುಲ್ಲಿನ ಸುತ್ತ ಮನೆಗಳು. ಕಂಪನಿ ಕಾಲದ ಹೆಂಚಿನ ಬಂಗಲೆಗಳು ಕೆಲವು, ನಿನ್ನೆ ಮೊನ್ನೆ ಎದ್ದ ಗಾಜಿನ ಗೋಡೆಯವು ಹಲವು. ಎಲ್ಲವೂ ಆಟದ ಬಯಲಿಗೆ ಮುಖ ಮಾಡಿಕೊಂಡೇ ಕಟ್ಟಿದವು. ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಚೆಂಡು ಹಾರುವುದನ್ನು ನೋಡಬೇಕೆಂಬುದೇ ಅಲ್ಲಿನವರ ಆಸೆ. ಆದರೆ ಏಳನೆಯ ಗುಳಿಯ ಹತ್ತಿರ ಬಂದಾಗ ಮನೆಗಳ ಸಾಲು ಕಡಿದು ಹೋಗುತ್ತದೆ. ಅಲ್ಲೊಂದು ಉದ್ದನೆಯ ದಿಣ್ಣೆ, ದಿಣ್ಣೆಯ ನೆತ್ತಿಯಲ್ಲಿ ಎರಡು ಕಲ್ಲುಕಂಬ, ಕಂಬಗಳ ನಡುವೆ ಒಂದು ಕಂಚಿನ ಗಂಟೆ. ದಿಣ್ಣೆಯ ಆಚೆಗೆ ದೊಡ್ಡ ತಗ್ಗು. ಅದರ ಸುತ್ತ ಎದೆಮಟ್ಟದ ಕಲ್ಲುಗೋಡೆ, ಒಳಗೆ ಜಾಲಿ, ಲಂಟಾನ. ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಈ ಜಾಗಕ್ಕೆ ಇಂಗ್ಲಿಷಿನ ಚೆಂದದ ಹೆಸರೊಂದಿದೆ. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಗೇಟು ಕಾಯುವವನಿಂದ ಹಿಡಿದು ಸಂಘದ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಇದು ಪುಕ್ಕಲನ ದಿಣ್ಣೆಯೇ. ಇಷ್ಟು ಠೀವಿಯ ಜಾಗಕ್ಕೆ ಇಂಥ ಹೆಸರೇ ಎಂದು ಹೊಸಬರು ನಗುತ್ತಾರೆ. ನಗಲಿ. ಇಲ್ಲಿ ಮೊದಲು ನಕ್ಕವರು ಅವರೇನಲ್ಲ.

ಹಿಂದೆ ಒಮ್ಮೆ ಇದು ಅರಮನೆಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲಾಗಿತ್ತು ಎನ್ನುತ್ತಾರೆ. ಆಮೇಲೆ ನೆಲದಡಿ ಚಿನ್ನವಿದೆ ಎಂದು ಬಿಳಿಯರ ಕಂಪನಿಯೊಂದು ಬಂತು. ಗಣಿ ತೋಡಿತು, ಆಳುಗಳನ್ನು ಇಳಿಸಿ ಏರಿಸುವ ಗಾಲಿ ಹೂಡಿತು, ಸೈರನ್ ಕೂಗಿಸಿತು. ಕಂಪನಿಯ ದೊರೆಗಳಿಗೆ ಚಿನ್ನ ಎಷ್ಟು ಸಿಕ್ಕಿತೋ ದೇವರೇ ಬಲ್ಲ, ಹುಲ್ಲಂತೂ ಪುಕ್ಕಟೆ ಸಿಕ್ಕಿತು. ಅದನ್ನು ಕಂಡದ್ದೇ ಅವರಿಗೆ ತಮ್ಮ ಊರಿನ ಆಟ ನೆನಪಾಯಿತು. ಮೊದಲು ಗುಳಿಗಳು ಬಂದವು, ಗುಳಿಗಳ ಹಿಂದೆ ಕುರ್ಚಿಗಳು, ಕುರ್ಚಿಗಳಿಗೆ ನೆರಳು ಬೇಕೆಂದು ಬಂಗಲೆಗಳು. ಈ ಬಡಾವಣೆ ಹುಟ್ಟಿದ್ದು ಹೀಗೆ. ಮನೆಗೆ ಅಂಗಳ ಮಾಡಿದ್ದಲ್ಲ, ಅಂಗಳಕ್ಕೆ ಮನೆ ಮಾಡಿದ್ದು. ಆಗೆಲ್ಲ ಗುಳಿಯ ಸುತ್ತ ಈಗಿನಂತೆ ಹಸಿರು ಹುಲ್ಲಿರಲಿಲ್ಲ. ಎಣ್ಣೆ ಬೆರೆಸಿದ ಮರಳನ್ನು ಹರಡಿ, ಹೆಂಗಸರ ಕೈಯಲ್ಲಿ ಗೋಣಿತಟ್ಟು ಎಳೆಸಿ ನುಣುಪು ಮಾಡಿಸುತ್ತಿದ್ದರು.

ಏಳನೆಯ ಗುಳಿ ಇದ್ದದ್ದು ದಿಣ್ಣೆಯ ಆಚೆಗಿನ ತಗ್ಗಿನಲ್ಲಿ. ಈಚೆ ನಿಂತು ಚೆಂಡು ಹೊಡೆಯುವವರಿಗೆ ಅದು ಕಾಣುತ್ತಿರಲಿಲ್ಲ. ತಗ್ಗಿನಲ್ಲಿ ಜನವಿದ್ದರೆ ಚೆಂಡು ತಲೆಗೆ ಬಿದ್ದೀತು ಎಂದು ದೊರೆಗಳು ದಿಣ್ಣೆಯ ಮೇಲೆ ಗಂಟೆ ತೂಗುಹಾಕಿಸಿ, ಕಾಯಲು ಒಬ್ಬ ಆಳನ್ನು ಇಟ್ಟರು. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಅವನು ಗಂಟೆ ಹೊಡೆಯಬೇಕು. ಗಂಟೆ ಕೇಳಿದ ಮೇಲೆ ಈಚೆಯವರು ಚೆಂಡು ಹೊಡೆಯಬೇಕು. ಕೆಲಸ ಅಷ್ಟೇ, ಕಟ್ಟಳೆ ಅಷ್ಟೇ. ಆ ಆಳೇ ಕ್ಯಾತಯ್ಯ, ಕಾವಲಿನ ಅಂಚಿನ ಗೊಲ್ಲರಹಟ್ಟಿಯವನು.

ಕ್ಯಾತಯ್ಯನಂಥ ಹೆದರುಪುಕ್ಕಲ ಸುತ್ತಮುತ್ತ ಇರಲಿಲ್ಲ. ಮೊದಲು ಗಣಿಗೇ ಸೇರಿದ್ದವನು. ಇಳಿದದ್ದು ಒಂದೇ ದಿನ. ಕೆಳಗೆ, ದೀಪದ ಮಸಿಯ ನಡುವೆ, ಬಂಡೆಯೊಳಗಿಂದ ಸಣ್ಣಗೆ ಗುಂಯ್‌ಗುಡುವ ಸದ್ದೊಂದು ಅವನ ಬೆನ್ನಿಗೆ ತಗುಲಿತು. ಜೊತೆಯವರು, "ಕಲ್ಲು ಮೈಮುರೀತೈತೆ, ಅದು ದಿನಾ ಇದ್ದದ್ದೇ," ಎಂದು ಬೀಡಿ ಹಚ್ಚಿದರು. ಕ್ಯಾತಯ್ಯ ಮೇಲೆ ಬಂದವನು ಮತ್ತೆ ಇಳಿಯಲಿಲ್ಲ. ಅಂದಿನಿಂದ ಅವನು ಪುಕ್ಕಲ ಕ್ಯಾತ. ದಿಣ್ಣೆಯ ಕೆಲಸಕ್ಕೆ ಬಂದ ಮೇಲೂ ಬುದ್ಧಿ ಬಿಡಲಿಲ್ಲ. ಒಮ್ಮೆ ಕರಡಿ ಎಂದು ಕೂಗಿದ, ಅದು ಕಂಬಳಿ ಹೊದ್ದ ಮುದುಕ. ಇನ್ನೊಮ್ಮೆ ಚಿರತೆ ಎಂದ, ಹೋಗಿ ನೋಡಿದರೆ ಯಾರದೋ ಕಂದು ಕರು. ಸಿಡಿಲು ಬಡಿಯುತ್ತದೆ ಎಂದು ಮೋಡವಿಲ್ಲದ ಆಕಾಶದ ಕೆಳಗೆ ಎಲ್ಲರನ್ನೂ ಓಡಿಸಿದ್ದೂ ಉಂಟು. ತಗ್ಗಿನಲ್ಲಿ ಮರಳು ಹರಡುವ ಹೆಂಗಸರಿಗೆ ಅವನೆಂದರೆ ಬಿಟ್ಟಿ ನಗೆಯಾಟ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವನ ಹೆಂಡತಿ ಸಿದ್ದಕ್ಕ.

ಸಿದ್ದಕ್ಕನಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ಅವಳ ಪಾಲಿನದನ್ನೂ ದೇವರು ಕಿತ್ತು ಗಂಡನಿಗೇ ಕೊಟ್ಟಿದ್ದ. ಅವಳಿಗಿದ್ದದ್ದು ಒಂದೇ ಆಸೆ, ಹೆಂಚಿನ ಮನೆ. ಆ ವರ್ಷ ದೊರೆಗಳ ಕಣ್ಣು ತಗ್ಗಿನ ಮೇಲೆ ಬಿದ್ದಿತ್ತು. ಎಷ್ಟೇ ಮಳೆ ಸುರಿಯಲಿ, ತಗ್ಗಿನಲ್ಲಿ ಒಂದು ಹನಿ ನೀರು ನಿಲ್ಲುತ್ತಿರಲಿಲ್ಲ. ಇಂಥ ಒಣ ನೆಲ ಮನೆ ಕಟ್ಟಲು ಇನ್ನೆಲ್ಲಿ ಸಿಕ್ಕೀತು ಎಂದು ಅವರು ಹಿಗ್ಗಿದರು. ಗುಳಿಯ ಸುತ್ತ ಹೊಸ ಬಂಗಲೆಗಳ ಸಾಲು, ಅದರ ಹಿಂದೆ ಕೆಲಸದವರಿಗೆ ಒಂದೊಂದು ಕೋಣೆ ಎಂದು ಗುರುತು ಹಾಕಿದರು. ಗಂಟೆಯಾಳಿಗೂ ಒಂದು ಕೋಣೆಯುಂಟು ಎಂದು ಕೇಳಿದ ದಿನವೇ ಸಿದ್ದಕ್ಕ ಆ ಜಾಗಕ್ಕೆ ಮೂರು ಕಲ್ಲು ಹೊತ್ತು ತಂದು ಒಲೆಯ ಹಾಗೆ ಇಟ್ಟಳು.

ಕ್ಯಾತಯ್ಯನಿಗೆ ಮಾತ್ರ ಆ ನೀರಿನದೇ ಚಿಂತೆ. ಅಷ್ಟು ನೀರು ಎಲ್ಲಿಗೆ ಹೋಗುತ್ತದೆ? ಹಳೆಯ ಪಾಳೆಯಗಾರರ ಕಾಲದಲ್ಲಿ ಯಾರೋ ಇಲ್ಲಿ ಚಿನ್ನಕ್ಕೆ ಬಿಲ ತೋಡಿದ್ದರಂತೆ ಎಂಬ ಮಾತು ಹಟ್ಟಿಯಲ್ಲಿತ್ತು. ಕಂಪನಿಯ ಗಣಿಯೂ ಒಳಗೊಳಗೇ ಈ ಕಡೆಗೆ ಬರುತ್ತಿದೆ ಎಂದು ಗಣಿಯವರು ಹೇಳುತ್ತಿದ್ದರು. ಇವೆಲ್ಲ ಅವನ ತಲೆಯಲ್ಲಿ ಕಲಸಿಕೊಂಡು ಅನ್ನ ಸೇರದಂತಾಯಿತು. ಒಂದು ಮಧ್ಯಾಹ್ನ ಗಂಟೆಯ ಕಂಬಕ್ಕೆ ಒರಗಿದ್ದಾಗ, ಎಲೆ ಅಲುಗದ ಬಿಸಿಲಿನಲ್ಲಿ, ಗಂಟೆ ತಾನಾಗಿ ಸಣ್ಣಗೆ ಗುಂಯ್‌ಗುಟ್ಟಿತು. ಅಂದು ಗಣಿಯಲ್ಲಿ ಬೆನ್ನಿಗೆ ತಗುಲಿದ ಅದೇ ಸದ್ದು. ಸಂಜೆ ಹೆಂಡತಿಯ ಮುಂದೆ ತೋಡಿಕೊಂಡ.

"ಗಂಟೆ ಗಾಳಿಗೆ ಅಲ್ಲಾಡಿದ್ರೆ ಮನೆ ಬ್ಯಾಡ ಅನ್ನಾಕಾಗ್ತೈತಾ?" ಎಂದಳು ಸಿದ್ದಕ್ಕ.

"ಗಾಳಿ ಇರ್ಲಿಲ್ಲ ಕಣೇ."

"ಹಂಗಾದ್ರೆ ನಿನ್ನ ಎದೆ ಹೊಡ್ಕಳಾದು ಅದಕ್ಕೂ ಕೇಳಿರ್ಬೇಕು ಬಿಡು," ಎಂದು ಮುದ್ದೆ ಮುರಿದು ಅವನ ತಟ್ಟೆಗೆ ಹಾಕಿದಳು.

ದೊಡ್ಡ ಆಟದ ದಿನ ಬಂತು. ಹೊರಗಿನ ಕಂಪನಿಗಳ ದೊರೆಗಳೂ ದೊರೆಸಾನಿಯರೂ ಬಂದಿದ್ದರು. ಆಟ ಮುಗಿದ ಮೇಲೆ ತಗ್ಗಿನಲ್ಲೇ ಹೊಸ ಮನೆಗಳಿಗೆ ಗುದ್ದಲಿ ಪೂಜೆ ಎಂದು ನಿಶ್ಚಯವಾಗಿತ್ತು. ಹೆಂಗಸರು ಮಧ್ಯಾಹ್ನದವರೆಗೂ ಮರಳು ಹರಡುತ್ತಲೇ ಇದ್ದರು. ದಿಣ್ಣೆಯ ಈಚೆ ಆಟದವರು ಆಗಲೇ ಬಂದು, ಕೋಲು ಊರಿಕೊಂಡು ಗಂಟೆಗಾಗಿ ಕಾಯುತ್ತಿದ್ದರು. ಅಂದು ಕೂಡ ಗಾಳಿ ಇರಲಿಲ್ಲ. ಹುಲ್ಲಿನ ಮೇಲೆ ಒಂದು ಹಕ್ಕಿಯೂ ಇಲ್ಲದ್ದನ್ನು ಕ್ಯಾತಯ್ಯ ಗಮನಿಸಿದ, ಗಮನಿಸಿ ಹೆದರಿದ. ಗಂಟೆಗೆ ಅಂಗೈ ಒತ್ತಿದ. ಜ್ವರ ಬಂದ ಎತ್ತಿನ ಮೈಯಂತೆ ಅದು ನಡುಗುತ್ತಿತ್ತು.

"ಬರ್ರೇ ಮ್ಯಾಕೆ, ಎಲ್ರೂ ಬರ್ರೇ," ಎಂದು ಕೂಗಿಕೊಂಡ.

ಕೆಳಗಿನಿಂದ ನಗೆ ಕೇಳಿತು. ಇವತ್ತು ಕರಡಿಯೋ ಚಿರತೆಯೋ ಎಂದು ಒಬ್ಬಳು ಕೇಳಿದಳು. ಮೇಸ್ತ್ರಿ ಮುನಿಶಾಮಿ ಕೈ ಬೀಸಿ, "ಮಳ್ಳು ಹರಡಾದು ಮುಗಿಯೋ ತಂಕ ಒಬ್ರೂ ಮ್ಯಾಲೆ ಬರಾಂಗಿಲ್ಲ. ನಿನ್ನ ಮಾತು ಕೇಳಿ ದೊರೆ ಕೈಲಿ ನಾನು ಚರ್ಮ ಸುಲಿಸ್ಕಳಾ?" ಎಂದ. ಹೆಂಗಸರು ಮತ್ತೆ ಬಗ್ಗಿದರು. ಅವರ ನಡುವೆ, ತನ್ನ ಮೂರು ಕಲ್ಲಿನ ಹತ್ತಿರ, ಸಿದ್ದಕ್ಕನ ಕೆಂಪು ಸೀರೆ ಕ್ಯಾತಯ್ಯನಿಗೆ ಕಾಣುತ್ತಿತ್ತು.

ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು, ಅವನ ಮೈಮೇಲೆ ದೇವರು ಬಂದಿತ್ತು ಎಂದು ಈಗ ಹೇಳುವವರಿದ್ದಾರೆ. ಸುಳ್ಳು. ಅವನಿಗೆ ಏನೂ ಗೊತ್ತಿರಲಿಲ್ಲ. ಹೆದರಿದ್ದ, ಅಷ್ಟೇ. ಕರಡಿ ಎಂದಾಗಲೂ ಹೀಗೇ ಹೆದರಿದ್ದ, ಕರುವನ್ನು ಕಂಡಾಗಲೂ ಹೀಗೇ. ಈ ಸಲವೂ ಬರೀ ಭ್ರಮೆಯಾಗಿದ್ದರೆ? ಆದರೆ ಕೈಯಡಿಯ ಕಂಚು ನಡುಗುವುದನ್ನು ಬಿಡಲಿಲ್ಲ. ಈ ಹೆಂಗಸರು ನೆಲಕ್ಕೆ ಹೆದರುವುದಿಲ್ಲ, ನನ್ನ ಮಾತಿಗಂತೂ ಹೆದರುವುದಿಲ್ಲ. ಇವರು ಹೆದರುವುದು ಚೆಂಡಿಗೆ ಎಂದು ಅವನಿಗೆ ಹೊಳೆಯಿತು. ಹಿಂದಿನ ವರ್ಷ ದಿಕ್ಕು ತಪ್ಪಿ ಬಂದ ಚೆಂಡೊಂದು ಹನುಮಕ್ಕ ಎಂಬವಳ ದವಡೆ ಮುರಿದದ್ದನ್ನು ಯಾರೂ ಮರೆತಿರಲಿಲ್ಲ. ಗಂಟೆ ಹೊಡೆದರೆ ಚೆಂಡು ಬರುತ್ತದೆ. ಹೊಡೆದರೆ ಹೆಂಡತಿಯ ತಲೆಯ ಮೇಲೇ ಬಿದ್ದೀತು. ಹೊಡೆಯದಿದ್ದರೆ? ಜನರಿರುವಾಗ ಗಂಟೆ ಮುಟ್ಟಬಾರದೆಂಬ ಒಂದೇ ಒಂದು ಕಟ್ಟಳೆಯನ್ನು ನಂಬಿ ಕಂಪನಿ ಅವನನ್ನು ಅಲ್ಲಿ ಕೂರಿಸಿತ್ತು. ಕ್ಯಾತಯ್ಯ ಕಣ್ಣು ಮುಚ್ಚಿ ಹಗ್ಗ ಎಳೆದ.

ಮೊದಲ ಚೆಂಡು ಮರಳಿಗೆ ಬಿದ್ದು ಪುಟಿಯಿತು. ಎರಡನೆಯದು ಮುನಿಶಾಮಿಯ ಕಾಲ ಬಳಿ ಬಿತ್ತು. ಒಂದರ ಹಿಂದೊಂದು ಬರತೊಡಗಿದ ಮೇಲೆ ಹೆಂಗಸರು ಬುಟ್ಟಿ ಬಿಸಾಕಿ, ಕ್ಯಾತಯ್ಯನ ವಂಶವನ್ನೆಲ್ಲ ಬೈಯುತ್ತ, ಆಚೆ ದಡ ಹತ್ತಿ ಓಡಿದರು. ಮೇಸ್ತ್ರಿ ಎಲ್ಲರಿಗಿಂತ ಮುಂದೆ ಓಡಿದ. ಓಡದೆ ಉಳಿದವಳು ಒಬ್ಬಳೇ. ಸಿದ್ದಕ್ಕ ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿಯನ್ನು ತಲೆಗೆ ಬೋರಲು ಹಾಕಿಕೊಂಡು, ತನ್ನ ಒಲೆಗಲ್ಲಿನ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗಂಡನಿಗೆ ಇವತ್ತು ಬುದ್ಧಿ ಕಲಿಸಿಯೇ ಮನೆಗೆ ಹೋಗಬೇಕೆಂದು ಅವಳಿಗೆ ರೋಷ ಬಂದಿತ್ತು.

ಕೆಲಸಕ್ಕೆ ಸೇರಿದಂದಿನಿಂದ ಕ್ಯಾತಯ್ಯ ಆ ತಗ್ಗಿಗೆ ಕಾಲಿಟ್ಟವನಲ್ಲ. ಅಂದು ಇಳಿದ. ಹಲ್ಲು ಕಟಕಟ ಎನ್ನುತ್ತಿದ್ದವು. ಇಳಿಯುವಾಗ ಒಂದು ಸಲ ಬಿದ್ದನೆಂದೂ, ಹಿಂದಕ್ಕೆ ಓಡಲು ನೋಡಿ ಮತ್ತೆ ತಿರುಗಿದನೆಂದೂ ಆಚೆ ದಡದಿಂದ ನೋಡುತ್ತಿದ್ದ ಹೆಂಗಸರು ಆಮೇಲೆ ಹೇಳಿದರಂತೆ. ಹೋಗಿ ಹೆಂಡತಿಯ ತೋಳು ಹಿಡಿದ. ಅವಳು ಕೊಸರಿದಳು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು, ಸಾಯಲಿ ಎಂದು ಹೊರಟಳು. ಅವಳು ಮುಂದೆ, ಅವನು ಹಿಂದೆ. ಅವಳ ಬೆನ್ನ ಮೇಲೆ ಅಂಗೈ ಊರಿ ದಡಕ್ಕೆ ತಳ್ಳುತ್ತ ತಳ್ಳುತ್ತ ಬಂದ. ಅಂಗೈ ಒದ್ದೆಯಾಗಿ ನಡುಗುತ್ತಿದ್ದದ್ದು ಅವಳಿಗೆ ರವಿಕೆಯ ಮೇಲಿಂದಲೇ ತಿಳಿಯುತ್ತಿತ್ತು. ದಾರಿಯುದ್ದಕ್ಕೂ ಬೈದಳು. ಇದ್ದ ಕೆಲಸ ಹೋಯಿತು, ಬರುವ ಮನೆ ಹೋಯಿತು, ಇನ್ನು ಹಟ್ಟಿಯಲ್ಲಿ ತಲೆ ಎತ್ತುವುದು ಹೇಗೆ ಎಂದಳು. ದಡಕ್ಕೆ ಒಂದು ಕಾಲಿಟ್ಟಿದ್ದಳು. ಬೆನ್ನ ಮೇಲಿದ್ದ ಅಂಗೈ ಅವಳನ್ನೊಮ್ಮೆ ಜೋರಾಗಿ ನೂಕಿತು, ಆಮೇಲೆ ಇಲ್ಲವಾಯಿತು.

ಅವಳು ಬೈಗುಳ ಮುಗಿಸಿಯೇ ತಿರುಗಿದಳು. ಹಿಂದೆ ಕ್ಯಾತಯ್ಯ ಇರಲಿಲ್ಲ. ಮರಳಿರಲಿಲ್ಲ, ಗುಳಿಯ ಬಾವುಟವಿರಲಿಲ್ಲ, ಮೂರು ಕಲ್ಲುಗಳಿರಲಿಲ್ಲ. ತಗ್ಗಿನ ನೆಲವೇ ಕೆಳಗೆ ಹೋಗಿತ್ತು. ಸದ್ದು ಬಂದದ್ದು ಆಮೇಲೆ ಎನ್ನುತ್ತಾರೆ. ದಿಣ್ಣೆಯ ಮೇಲೆ ಗಂಟೆ ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತಿತ್ತು. ಈಚೆ ನಿಂತಿದ್ದ ಆಟದವರು, ದಾರಿ ತೆರವಾಗಿದೆ ಎಂದು, ಇನ್ನೊಂದು ಚೆಂಡು ಹೊಡೆದರು.

ಕಂಪನಿಯವರು ಹಗ್ಗ ಇಳಿಬಿಟ್ಟು ನೋಡಿದರು, ತಳ ಸಿಗಲಿಲ್ಲ. ಕ್ಯಾತಯ್ಯನೂ ಸಿಗಲಿಲ್ಲ. ಬದುಕಿ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಿದ್ದಕ್ಕನ ಮುಂದೆ ಕುಳಿತು ಹೋದರು. ಅಂದಿನಿಂದ ಅವಳು ದಿನವೂ ದಿಣ್ಣೆ ಹತ್ತಿ ಬಂದು ಗಂಟೆಗೆ ಅಂಗೈ ಊರಿ ನಿಲ್ಲುತ್ತಿದ್ದಳು. ಅದು ನಡುಗುತ್ತಿದೆಯೋ ಎಂದು ನೋಡುತ್ತಿದ್ದಳೋ, ಬೇರೆ ಯಾವ ಕೈಯನ್ನು ಹುಡುಕುತ್ತಿದ್ದಳೋ, ಕೇಳುವ ಎದೆ ಯಾರಿಗೂ ಇರಲಿಲ್ಲ. ಹೆದರಿಕೆ ಎಂಬುದು ಅವಳಿಗೂ ಬಂದಿತ್ತು. ಸಣ್ಣ ಸದ್ದಿಗೂ ಬೆಚ್ಚಿ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಕೆಲವು ಕಾಲ ಕಳೆದ ಮೇಲೆ ಹೊಸ ದೊರೆಯೊಬ್ಬ ಬಂದ. ಒಳ್ಳೆಯವನೇ. ಕುಸಿದದ್ದನ್ನು ಮುಚ್ಚಿಸಿ, ಮಟ್ಟ ಮಾಡಿಸಿ, ದಿಣ್ಣೆಗೆ ಆ ಧೀರನ ಹೆಸರಿಟ್ಟು ಕಲ್ಲು ನೆಡಿಸಬೇಕು ಎಂದ. ಕಲ್ಲಿನ ಮೇಲೆ ಏನು ಕೆತ್ತಿಸಲಿ ಎಂದು ಸಿದ್ದಕ್ಕನನ್ನು ಕರೆಸಿ ಕೇಳಿದ.

"ಪುಕ್ಕಲನ ದಿಣ್ಣೆ ಅಂತ ಕೆತ್ಸಿ ಸ್ವಾಮಿ," ಎಂದಳು ಅವಳು.

ದೊರೆ ತಬ್ಬಿಬ್ಬಾದ. ಅಷ್ಟು ದೊಡ್ಡ ಕೆಲಸ ಮಾಡಿದವನಿಗೆ ಈ ಹೆಸರೇ ಎಂದ.

"ಧೈರ್ಯಗಾರನ ಹೆಸರಿಟ್ರೆ ನಾಳೆ ಜನ ಇಲ್ಲೇ ಮನೆ ಕಟ್ಕಂತಾರೆ. ಹೆದ್ರಿದೋನ ಹೆಸರೇ ಇರ್ಲಿ. ಬಂದೋರು ಯಾಕೆ ಹೆದ್ರಿದ ಅಂತ ಒಂದು ಮಾತಾದ್ರೂ ಕೇಳ್ತಾರೆ."

ಕಲ್ಲಿನ ಮೇಲೆ ಆ ಹೆಸರೇ ಬಂತು, ಕುಸಿದ ತಗ್ಗಿನ ಸುತ್ತ ಗೋಡೆ ಬಂತು. ಅವಳ ಮಾತು ಉಳಿಯಿತು. ಕಂಪನಿ ಉಳಿಯಲಿಲ್ಲ. ಚಿನ್ನ ಬತ್ತಿತು, ಗಾಲಿ ನಿಂತಿತು, ಬಂಗಲೆಗಳು ಕೈ ಬದಲಾದವು. ನಮ್ಮ ಕಾಲಕ್ಕೆ ನಗರದವರು ಬಂದು ಹುಲ್ಲಿಗೆ ಹೊಸ ನೀರು, ಬಡಾವಣೆಗೆ ಹೊಸ ಗೇಟು ಕೊಟ್ಟರು. ತಗ್ಗಿನ ಅಂಚಿನಲ್ಲಿ ನಿವೇಶನ ಮಾಡಿ ಮಾರಲು ಒಮ್ಮೆ ಹೊರಟದ್ದುಂಟು. ಆಗಲೇ ನಕ್ಷೆಗೆ ಆ ಇಂಗ್ಲಿಷ್ ಹೆಸರು ಬಂದದ್ದು. ಕೊಳ್ಳಲು ಬಂದವರು ದಿಣ್ಣೆ ಹತ್ತಿ, ಕಲ್ಲಿನ ಮೇಲಿನ ಹೆಸರು ಓದಿ, ಯಾಕೆ ಎಂದು ಕೇಳಿದರು. ಹೇಳಲು ಹಟ್ಟಿಯವರು ಯಾರಾದರೂ ಇದ್ದೇ ಇರುತ್ತಿದ್ದರು. ಆ ನಿವೇಶನಗಳು ಇಂದಿಗೂ ಹಾಗೇ ಬಿದ್ದಿವೆ.

ಈಗ ಏಳನೆಯ ಗುಳಿ ದಿಣ್ಣೆಯ ಈಚೆಗೇ ಇದೆ. ಆಟಕ್ಕೆ ಗಂಟೆಯ ಅಗತ್ಯವೇ ಇಲ್ಲ. ಆದರೂ ಅಲ್ಲಿಗೆ ಬಂದ ಆಟಗಾರರು ಕೈಯ ಚೀಲ ತೆಗೆದಿಟ್ಟು ದಿಣ್ಣೆ ಹತ್ತುತ್ತಾರೆ, ನಗುವುದನ್ನು ನಿಲ್ಲಿಸುತ್ತಾರೆ, ಗಂಟೆಗೆ ಅಂಗೈ ಊರಿ ಒಂದು ಗಳಿಗೆ ನಿಲ್ಲುತ್ತಾರೆ. ಬೆಳಿಗ್ಗೆ ವಾಕಿಂಗ್ ಬರುವ ಹೆಂಗಸರೂ ಹಾಗೆಯೇ ಮಾಡುತ್ತಾರೆ. ಹೋದವರು ನೋಡಬಹುದು: ಗಂಟೆಯೆಲ್ಲ ಹಸಿರು ಕಿಲುಬು ಹಿಡಿದಿದೆ, ಒಂದು ಕಡೆ ಮಾತ್ರ ಅಂಗೈಯಗಲ ಜಾಗ ಸವೆದು ಹೊಳೆಯುತ್ತದೆ. ಅಲ್ಲಿ ಕೈಯಿಟ್ಟು, ಗಂಟೆ ಸುಮ್ಮನಿದೆ ಎಂದು ಖಾತ್ರಿಯಾದ ಮೇಲೆಯೇ ಅವರು ದಿಣ್ಣೆ ಇಳಿದು ಮನೆಗೆ ಹೋಗುತ್ತಾರೆ.