ಚಳಿಗಾಲದ ರಜೆಗೆ ನರಿ ಹಾಕಿದ ಊಟ

ಹೊಲಗಳ ಅಂಚಿಗೆ ಹೊಂದಿಕೊಂಡಿದ್ದ ಒಂದು ಕಾಡಿನಲ್ಲಿ ಕೆಂಚಿ ಎಂಬ ಕಾಡುಕೋಳಿ ಇದ್ದಳು. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹುಳ ತಾನಾಗಿ ಎದುರಿಗೆ ಬಂದರೂ, 'ಇದ್ಯಾಕಪ್ಪ ಬಂತು?' ಎಂದು ಹಿಂದೆ ಮುಂದೆ ನೋಡಿಯೇ ಕೊಕ್ಕು ಹಾಕುವಳು. ಗಂಡ ಜುಟ್ಟಪ್ಪ ಹುಂಜ ಇದಕ್ಕೆ ತದ್ವಿರುದ್ಧ. ಊಟಕ್ಕೆ ಯಾರು ಕರೆದರೂ ಹೊರಟು ನಿಲ್ಲುವ ಆಸಾಮಿ. ಮಗಳು ಚುಕ್ಕಿ ಈಗಷ್ಟೇ ಹಾರಲು ಕಲಿತ ಮರಿ.

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಬೆಳಗಾಗುತ್ತಲೇ ಎಲ್ಲರೂ ಬಂಡೆಯ ಬುಡದಿಂದ ಅತ್ತಿಮರದ ಮೇಲಿನ ಕೊಂಬೆಗೆ ಹಾರಬೇಕು, ಇಳಿಯಬೇಕು, ಮತ್ತೆ ಹಾರಬೇಕು. ಸಂಜೆ ಆ ಕೊಂಬೆ ಮುಟ್ಟಿದರೆ ತಾನೇ ಕಾಡುಕೋಳಿಯ ಜೀವ ಉಳಿಯುವುದು? ಆದರೆ ಮಾಗಿಯ ಚಳಿ ಹಿಡಿದುಕೊಂಡ ಕೂಡಲೇ ಜುಟ್ಟಪ್ಪ, "ಸಂಕ್ರಾಂತಿ ಕಳೆಯುವ ತನಕ ಅಭ್ಯಾಸಕ್ಕೆ ರಜೆ" ಎಂದುಬಿಟ್ಟ. ಚುಕ್ಕಿಗೆ ಖುಷಿಯೋ ಖುಷಿ.

ಮಾರನೇ ದಿನವೇ ನುಣ್ಣಪ್ಪ ಎಂಬ ನರಿ ಹಾಜರಾದ. ಬಾಯಲ್ಲಿ ಅವರೆಕಾಯಿ, ಕಡಲೆಕಾಯಿಯ ಗಿಡಗಳು. ಆಲೆಮನೆಯಿಂದ ಎಗರಿಸಿದ ಬೆಲ್ಲ ಬೇರೆ.

"ಭಾವ, ಸುಗ್ಗಿಯಲ್ವಾ, ಹೊಲದಲ್ಲಿ ಬೇಕಾದಷ್ಟು ಬಿದ್ದಿದೆ. ದಿನಾ ನಾನೇ ತಂದು ಹಾಕ್ತೀನಿ. ಈ ಚಳಿಯಲ್ಲಿ ನೀವು ಯಾಕೆ ಮೈ ದಂಡಿಸ್ತೀರಿ?" ಎಂದ.

ಕೆಂಚಿಯ ಕತ್ತಿನ ಗರಿ ನಿಮಿರಿತು. ನರಿ ಕೋಳಿಗೆ ಊಟ ಹಾಕುವುದೆಂದರೇನು? ವಿಷ ಬೆರೆಸಿರಬೇಕು ಎಂದುಕೊಂಡಳು.

"ಮೊದಲು ನೀನು ತಿನ್ನು. ಚೂರು ಮೂಸಿ ಬಿಡೋದಲ್ಲ, ಹೊಟ್ಟೆ ತುಂಬ ತಿನ್ನು. ಆಮೇಲೆ ಆ ಹಳ್ಳದ ಆಚೆ ಹೋಗಿ ಕೂತ್ಕೋ," ಎಂದಳು.

"ಅಯ್ಯೋ ಕೆಂಚಕ್ಕ, ಅದಕ್ಕೇನಂತೆ," ಎಂದು ನರಿ ನಗುನಗುತ್ತಲೇ ತಿಂದ. ಅವನಿಗೇನೂ ಆಗಲಿಲ್ಲ. ಆಮೇಲೆ ಮೂವರು ಕೋಳಿಗಳೂ ತಿಂದರು. ಅವರಿಗೂ ಏನೂ ಆಗಲಿಲ್ಲ.

ಹೀಗೇ ದಿನಗಳು ಉರುಳಿದವು. ತಿನ್ನುವುದು, ಬಿಸಿಲಿಗೆ ಮೈಚಾಚುವುದು, ಎದ್ದು ಮತ್ತೆ ತಿನ್ನುವುದು. ಕೆಂಚಿ ಮಾತ್ರ ಪ್ರತಿ ಕಾಳನ್ನೂ ಕೊಕ್ಕಿನಲ್ಲಿ ಹೊರಳಿಸಿ ನೋಡುತ್ತಿದ್ದಳು. ವಿಷ ಸಿಗಲಿಲ್ಲ. ಅನುಮಾನವೂ ಹೋಗಲಿಲ್ಲ. ಈ ನರಿ ದಿನಾ ಹೋಗುವ ಮುಂಚೆ, "ಇವತ್ತೂ ರಜೆ ತಾನೆ?" ಎಂದು ಕೇಳುತ್ತಾನಲ್ಲ, ಯಾಕೆ? ಊಟ ಹೇಗಿತ್ತು ಎಂದು ಕೇಳಬೇಕಾದವನು ರೆಕ್ಕೆಯ ವಿಚಾರ ಯಾಕೆ ಕೇಳುತ್ತಾನೆ?

ಒಂದು ಸಂಜೆ ಚುಕ್ಕಿ ಮೇಲಿನ ಕೊಂಬೆಗೆ ಹಾರಹೋಗಿ ದೊಪ್ಪನೆ ಬಿದ್ದಳು. ಮತ್ತೆ ಹಾರಿದಳು, ಮತ್ತೆ ಬಿದ್ದಳು. "ಅಮ್ಮಾ, ಮೈ ಭಾರ" ಎಂದು ಅಳತೊಡಗಿದಳು.

ಹಳ್ಳದಾಚೆಯಿಂದ ನರಿ ಮೆಲ್ಲಗೆ, "ಕೆಳಗಿನ ಕೊಂಬೆಯೇ ಸಾಕು ಬಿಡಿ ಅಕ್ಕ. ಮೇಲೆ ಚಳಿಗಾಳಿ, ಕೂಸಿಗೆ ಶೀತ ಆಗುತ್ತೆ," ಎಂದ. ಹಾಗೆನ್ನುತ್ತಾ ನಾಲಿಗೆಯಿಂದ ತುಟಿ ಸವರಿಕೊಂಡ.

ನರಿಯ ಹೂಟ ಕೆಂಚಿಗೆ ಆಗ ಹೊಳೆಯಿತು. ಕಾಳಿನಲ್ಲಿ ವಿಷ ಹುಡುಕುತ್ತಾ ಕೂತು, ಮಗಳ ರೆಕ್ಕೆ ಸೋತದ್ದನ್ನು ತಾನು ನೋಡಲೇ ಇಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ರಾತ್ರಿ ಮಗಳನ್ನು ಹೇಗೋ ನೂಕಿ ನಡುಗೊಂಬೆಗೆ ಹತ್ತಿಸಿ, ತಾನು ಕಣ್ಣು ಮುಚ್ಚದೆ ಪಕ್ಕದಲ್ಲಿ ಕೂತಳು.

ಬೆಳಗ್ಗೆ ಗಂಡನನ್ನು ಕುಕ್ಕಿ ಎಬ್ಬಿಸಿದಳು. "ಏಳ್ರೀ, ರಜೆ ಮುಗೀತು."

"ಈ ಚಳಿಯಲ್ಲೇನೇ? ನಿನ್ನ ಅನುಮಾನಕ್ಕೆ ಮದ್ದಿಲ್ಲ ಮಾರಾಯ್ತಿ," ಎಂದು ಜುಟ್ಟಪ್ಪ ಗೊಣಗಿದ.

"ನಿಮ್ಮ ಮಗಳು ನರಿ ಬಾಯಿಗೆ ಬಿದ್ದ ಮೇಲೆ ಏಳ್ತೀರಾ?"

ಜುಟ್ಟಪ್ಪ ತೆಪ್ಪಗೆ ಎದ್ದ. ನರಿಯ ಕಣ್ಣಿಗೆ ಬೀಳದಂತೆ ಬಂಡೆಯ ಹಿಂಬದಿಯಲ್ಲಿ ಮೂವರೂ ರೆಕ್ಕೆ ಬಡಿದರು. ಮೊದಲು ಮೋಟು ಪೊದೆಯ ತನಕ, ಆಮೇಲೆ ಬಂಡೆಯ ನೆತ್ತಿಯ ತನಕ. ನರಿ ತಂದ ಕಾಳಿನಲ್ಲಿ ನಾಲ್ಕು ಮಾತ್ರ ತಿಂದು, ಬೆಲ್ಲವನ್ನು ಇರುವೆಗಳಿಗೆ ಬಿಟ್ಟರು. ಉಳಿದ ಹಸಿವೆಗೆ ಮೊದಲಿನಂತೆ ನೆಲ ಕೆದಕಿ ಹುಳ ಹುಡುಕಿದರು. ನುಣ್ಣಪ್ಪ ಮಾತ್ರ, ಅನುಮಾನ ಬಾರದಿರಲೆಂದು, ದಿನವೂ ಮೊದಲ ಪಾಲು ಗಡದ್ದಾಗಿ ತಿನ್ನುತ್ತಲೇ ಇದ್ದ. ಬೇಟೆಯ ಗೋಜಿಗೇ ಹೋಗಲಿಲ್ಲ.

ಸಂಕ್ರಾಂತಿಯ ಹಿಂದಿನ ಸಂಜೆ ನರಿ ಹಳ್ಳದಾಚೆಗೆ ಹೋಗಲಿಲ್ಲ. ಪೊದೆಯ ಮರೆಯಲ್ಲಿ ಕಾದು, ಚುಕ್ಕಿಯ ಮೇಲೆ ನೆಗೆದ. ಚುಕ್ಕಿ ಪಟಪಟನೆ ರೆಕ್ಕೆ ಬಡಿದು ಸೀದಾ ಮೇಲಿನ ಕೊಂಬೆ ಸೇರಿದಳು. ಅಪ್ಪ ಅಮ್ಮ ಅವಳ ಹಿಂದೆಯೇ ಹಾರಿದರು. ಬೊಜ್ಜು ಬಂದ ನರಿ ಅರ್ಧ ದೂರಕ್ಕೇ ಏದುಸಿರು ಬಿಟ್ಟು, ಮೈ ತಡೆಯಲಾಗದೆ, ಪಕ್ಕದ ಕಾರೆಮುಳ್ಳಿನ ಮೆಳೆಯೊಳಕ್ಕೆ ಉರುಳಿ ಬಿದ್ದ. ಎದ್ದು ಬರಲು ಅವನಿಗೆ ಬಹಳ ಹೊತ್ತು ಬೇಕಾಯಿತು.

"ಕೆಂಚಕ್ಕ, ರಜೆ ಅಂದಿದ್ರಲ್ಲ?" ಎಂದು ಅಲ್ಲಿಂದಲೇ ನರಳಿದ.

"ನಾವು ಯಾವಾಗಲೋ ಮುಗಿಸಿದ್ವಿ ನುಣ್ಣಪ್ಪ," ಎಂದಳು ಕೆಂಚಿ. "ನೀನು ಮುಗಿಸಲಿಲ್ಲ."

ನೀತಿ: ರಜೆ ಬಂತೆಂದು, ಚಳಿಯೆಂದು ಮಿತಿಮೀರಿ ತಿಂದು ಮೈ ದಂಡಿಸುವುದನ್ನು ಬಿಟ್ಟರೆ, ಬೇಕಾದ ಹೊತ್ತಿಗೆ ನಮ್ಮ ಮೈಯೇ ನಮ್ಮ ಮಾತು ಕೇಳುವುದಿಲ್ಲ.